ಅಪ್ಪನ ಬೋರ್ಡೋ ಲೆಕ್ಕ, ನಮ್ಮ ಫ್ಲೂ ಇಂಜೆಕ್ಷನ್

2023ರ ಜುಲೈ ಕೊನೆಯಲ್ಲಿ ಅಪ್ಪನಿಗೆ ಜ್ವರ ಅಂಟಿಸಿದವಳು ನಾನೇ.

ನಾನು ಹಾಸನದಲ್ಲಿ ಹೈಸ್ಕೂಲ್ ಟೀಚರ್. ಆ ವಾರ ಎಂಟನೇ ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ ಇತ್ತು, ಬಂದ ಮಕ್ಕಳಲ್ಲೂ ಕೆಮ್ಮದೇ ಇರುವವರು ಕಡಿಮೆ. ಗುರುವಾರ ಸಂಜೆ ನನಗೆ ಗಂಟಲು ಕೆರೆತ ಶುರುವಾಯಿತು. ಶನಿವಾರ ಶಾಲೆ ಬಿಟ್ಟ ಮೇಲೆ ಮಗನನ್ನು ಕರೆದುಕೊಂಡು ಆಲೂರು ಕಡೆಯ ಬಸ್ ಹತ್ತಿದೆ. ಎರಡು ವಾರಕ್ಕೊಮ್ಮೆ ಹೋಗುವುದು ರೂಢಿ. ಅಪ್ಪ ಅಮ್ಮ ಇಬ್ಬರೇ ಇರುವ ಮನೆ, ಸುತ್ತ ನಾಲ್ಕು ಎಕರೆ ಕಾಫಿ, ತಗ್ಗಿನಲ್ಲಿ ಒಂದಿಷ್ಟು ಅಡಿಕೆ, ಮರಗಳಿಗೆ ಹಬ್ಬಿದ ಮೆಣಸು. ಆ ವರ್ಷ ಮಳೆ ತಡವಾಗಿ ಬಂದಿತ್ತು, ಬಂದದ್ದು ಮಾತ್ರ ಒಂದೇ ಸಮನೆ ಸುರಿಯುತ್ತಿತ್ತು. ಕಿಟಕಿ ಬಾಗಿಲು ಎಲ್ಲ ಮುಚ್ಚಿ ನಾವು ನಾಲ್ಕೂ ಜನ ಅಡುಗೆಮನೆಯ ಒಲೆ ಹತ್ತಿರವೇ ಎರಡು ದಿನ ಕಳೆದೆವು. ನಾನು ಕೆಮ್ಮುತ್ತಲೇ ಇದ್ದೆ. ಸುಮ್ನೆ ಶೀತ ಅಂದುಕೊಂಡಿದ್ದೆ.

ಮಂಗಳವಾರ ಅಮ್ಮನ ಫೋನು. ಅಪ್ಪನಿಗೆ ಮೈ ಕೆಂಡದ ಹಾಗೆ ಸುಡುತ್ತಿದೆ, ಸೊಂಟ ಎತ್ತೋಕೆ ಆಗುತ್ತಿಲ್ಲ ಅಂತ. ಅಪ್ಪನಿಗೆ ಆಗ 73 ವರ್ಷ. ಸಕ್ಕರೆ ಕಾಯಿಲೆ ಹದಿನೆಂಟು ವರ್ಷದಿಂದ ಇದೆ, 2019ರಲ್ಲಿ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದ್ದಾರೆ. ಊರ ಹತ್ತಿರದ ಔಷಧಿ ಅಂಗಡಿಯಿಂದ ಯಾರೋ ಮೂರು ದಿನದ ಆಂಟಿಬಯೋಟಿಕ್ ತಂದುಕೊಟ್ಟರು. ಮಳೆಗಾಲದ ಜ್ವರ, ಹೋಗುತ್ತೆ ಅಂದರು. ನಾನೂ ಹೂಂ ಅಂದೆ. ಫ್ಲೂ ಬರುವುದು ವೈರಸ್‌ನಿಂದ, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ, ಸುಮ್ಮಸುಮ್ಮನೆ ತಗೊಳ್ಳಬೇಡಿ ಅಂತ ಅದೇ ವರ್ಷ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘ ಹೇಳಿತ್ತು. ಪೇಪರಿನಲ್ಲಿ ಓದಿದ್ದೆ ಕೂಡ. ನಮ್ಮ ಮನೆಗೇ ಬಂದಾಗ ಅದು ನೆನಪಾಗಲಿಲ್ಲ.

ಐದನೇ ದಿನ ಅಪ್ಪ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಮೇಲುಸಿರು ಬಿಡುತ್ತಿದ್ದರು. ಕಾರು ಮಾಡಿಕೊಂಡು ಹಾಸನಕ್ಕೆ ಕರೆತಂದೆವು. ರಕ್ತದ ಆಮ್ಲಜನಕ ನೋಡಲು ಬೆರಳಿಗೆ ಸಿಕ್ಕಿಸಿದ ಯಂತ್ರ 91 ಅಂತ ತೋರಿಸುತ್ತಿತ್ತು, ಅಲ್ಲಿಂದ ಮೇಲಕ್ಕೆ ಹೋಗುತ್ತಲೇ ಇಲ್ಲ. ಸಕ್ಕರೆ 400 ದಾಟಿತ್ತು. ಗಂಟಲ ದ್ರವದ ಪರೀಕ್ಷೆಯಲ್ಲಿ ಇನ್‌ಫ್ಲೂಯೆಂಝಾ ಎ ಅಂತ ಬಂತು. "ಫ್ಲೂಗೆ ಒಂದು ಮಾತ್ರೆ ಇದೆಯಮ್ಮ, ಒಸೆಲ್ಟಾಮಿವಿರ್ ಅಂತ. ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತೆ. ಈಗಲೂ ಕೊಡ್ತೀವಿ, ನೋಡೋಣ," ಅಂದರು ಡಾಕ್ಟರು. ಆ 'ನೋಡೋಣ' ಕೇಳಿ ನನ್ನ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಆರು ದಿನ ಆಸ್ಪತ್ರೆ. ಬಿಲ್ 68 ಸಾವಿರ. ದುಡ್ಡು ಹೋಗಲಿ, ದೀಪಾವಳಿ ಬರುವವರೆಗೂ ಅಪ್ಪ ಕೆಳಗಿನ ತೋಟಕ್ಕೆ ಇಳಿಯಲಿಲ್ಲ. ದಿನಕ್ಕೆ ಎರಡು ಸಲ ಇಳಿದು ಹತ್ತುತ್ತಿದ್ದ ಮನುಷ್ಯ ಜಗಲಿಯ ಮೇಲೆ ಕೂತು ದೂರದಿಂದ ಅಡಿಕೆ ಗೊನೆ ನೋಡುತ್ತಿದ್ದರು.

ಡಿಸ್ಚಾರ್ಜ್ ದಿನ ಡಾಕ್ಟರು ಒಂದು ಮಾತು ಹೇಳಿದರು. "ಮುಂದಿನ ವರ್ಷದಿಂದ ಫ್ಲೂ ಇಂಜೆಕ್ಷನ್ ಹಾಕಿಸಿಬಿಡಿ." ಫ್ಲೂಗೆ ಇಂಜೆಕ್ಷನ್ ಇದೆ, ಅದು ದೊಡ್ಡವರಿಗೂ ಇದೆ, ಇಲ್ಲೇ ಹಾಸನದಲ್ಲೇ ಸಿಗುತ್ತೆ ಅನ್ನುವುದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಅದಿಲ್ಲ, ಹಾಗಾಗಿ ಅಂಗನವಾಡಿಯಲ್ಲಿ, ಪಿಎಚ್‌ಸಿಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ಇನ್ನೊಂದು ವಿಷಯ ಆಮೇಲೆ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ. ಅದೇ ವರ್ಷ ಮಾರ್ಚ್ 1ರಂದು ಎಚ್3ಎನ್2 ಫ್ಲೂನಿಂದ ರಾಜ್ಯದಲ್ಲಿ ಒಬ್ಬರು ತೀರಿಕೊಂಡರು ಅಂತ ದೇಶದ ಟೀವಿಯೆಲ್ಲ ಸುದ್ದಿ ಮಾಡಿತಲ್ಲ, ಅವರು ನಮ್ಮ ಆಲೂರು ತಾಲ್ಲೂಕಿನ ಹಿರಿಯರೇ. 82 ವರ್ಷ, ಸಕ್ಕರೆ ಕಾಯಿಲೆ, ಬಿಪಿ. ಅಪ್ಪನ ಹಾಗೆಯೇ. ಸುದ್ದಿ ಓದಿ ಅಯ್ಯೋ ಪಾಪ ಅಂದು ಪೇಪರ್ ಮಡಚಿಟ್ಟಿದ್ದೆ.

ಇಷ್ಟೆಲ್ಲ ಆದ ಮೇಲೂ ತಕ್ಷಣ ಓಡಿಹೋಗಿ ಇಂಜೆಕ್ಷನ್ ಹಾಕಿಸಿದೆವಾ ಅಂದರೆ, ಇಲ್ಲ. ಹತ್ತು ತಿಂಗಳು ಹಿಡಿಯಿತು. ಆ ಹತ್ತು ತಿಂಗಳಲ್ಲಿ ತಲೆಯಲ್ಲಿ ಏನೇನು ಓಡಿತು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಅಕ್ಟೋಬರ್ ಬಂದ ಕೂಡಲೇ ವಿಡಿಯೋ ಕಾಲ್ ಮಾಡಿ, "ಅಕ್ಕ, ಇಲ್ಲಿ ಎಲ್ಲರೂ ಈಗಲೇ ಹಾಕಿಸಿಕೊಳ್ತಾರೆ, ಔಷಧಿ ಅಂಗಡಿಯಲ್ಲೇ ಹಾಕಿ ಕಳಿಸ್ತಾರೆ, ಅಪ್ಪನಿಗೂ ಈ ತಿಂಗಳೇ ಹಾಕಿಸಿಬಿಡು," ಅಂತ ಒಂದೇ ವರಾತ. ಅವನು ಹೇಳುವುದು ಅವನ ಊರಿಗೆ ಸರಿ. ಅಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಚಳಿ, ಅದೇ ಫ್ಲೂ ಕಾಲ. ಆದರೆ ನಮ್ಮ ಶಾಲೆಯ ಬೆಂಚು ಖಾಲಿಯಾದದ್ದು ಜುಲೈನಲ್ಲಿ ಅಲ್ವಾ? ನನಗೆ ಅಲ್ಲೇ ಅನುಮಾನ ಬಂತು. ಅನುಮಾನ ಬಂದಾಗ ಹೋಗಿ ಡಾಕ್ಟರನ್ನು ಕೇಳಬೇಕಿತ್ತು. ಕೇಳದೆ ಮುಂದೂಡಿದೆ. ನಮ್ಮ ದೇಶದಲ್ಲಿ ಜನವರಿಯಿಂದ ಮಾರ್ಚ್ ನಡುವೆಯೂ ಫ್ಲೂ ಇನ್ನೊಂದು ಸಲ ಏರುತ್ತದೆ. ಆಲೂರಿನ ಆ ಹಿರಿಯರು ತೀರಿಕೊಂಡದ್ದೂ ಅದೇ ಹೊತ್ತಿನಲ್ಲಿ. ಅಷ್ಟೂ ತಿಂಗಳು ಅಪ್ಪನನ್ನು ಹಾಗೇ ಬಿಟ್ಟದ್ದು ತಪ್ಪು ಅಂತ ಈಗಲೂ ನನಗೆ ಅನ್ನಿಸುತ್ತದೆ.

ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ವಾರದ ಕೊನೆಗೆ ಬರುತ್ತಾರೆ. ಅವರ ಪ್ರಶ್ನೆ ಬೇರೆ. "ಲಸಿಕೆ ಆ ವರ್ಷದ ವೈರಸ್‌ಗೆ ಚೆನ್ನಾಗಿ ಹೊಂದಿಕೆಯಾದಾಗಲೇ ನೂರಕ್ಕೆ 40ರಿಂದ 60ರಷ್ಟು ತಡೆಯುತ್ತಂತೆ. ಅರ್ಧಕ್ಕರ್ಧ. ಅದಕ್ಕೆ ಪ್ರತಿ ವರ್ಷ ಒಬ್ಬೊಬ್ಬರಿಗೆ 1,800 ರೂಪಾಯಿ ಕೊಡಬೇಕಾ?" ಅಂತ. ಕಂಜೂಸಿಯಿಂದ ಕೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು ಮೇಡಂ, "ನಮ್ಮ ಭಾವನಿಗೆ ಆ ಇಂಜೆಕ್ಷನ್ ಹಾಕಿಸಿದ ಮೇಲೇ ಜ್ವರ ಬಂತು ಕಣ್ರೀ," ಅಂದರು. ರಾತ್ರಿ ಮೊಬೈಲ್ ಹಿಡಿದು ಓದುತ್ತಾ ಕೂತರೆ ಇನ್ನೇನೇನೋ ಸಿಗುತ್ತಿತ್ತು. ನರಗಳ ಕಾಯಿಲೆ, ಪಾರ್ಶ್ವವಾಯು, ಅದು ಇದು. ಓದಿದಷ್ಟೂ ಭಯ ಜಾಸ್ತಿಯಾಯಿತು.

2024ರ ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆ ಚುನಾವಣೆ. ಡ್ಯೂಟಿ ಮುಗಿಸಿ, ಮತಯಂತ್ರ ಒಪ್ಪಿಸಿ ಮನೆಗೆ ಬಂದು ಎರಡು ದಿನ ಮಲಗಿ ಎದ್ದೆ. ರಜೆ ಶುರುವಾಗಿತ್ತು. ಇನ್ನು ಒಂದು ತಿಂಗಳಿಗೆ ಮಳೆ, ಮಳೆ ಹಿಂದೆಯೇ ಶಾಲೆ. ಈ ಸಲ ಬಿಟ್ಟರೆ ಮತ್ತೆ ಅದೇ ಕಥೆ ಅನ್ನಿಸಿ ಅಪ್ಪನ ಹಳೆಯ ಫೈಲ್ ಎತ್ತಿಕೊಂಡು ಅವರಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರ ಹತ್ತಿರ ಹೋದೆ. ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಅವರು ಹಾಳೆ ತೆಗೆದುಕೊಂಡು ಒಂದೊಂದಾಗಿ ಓದಿ ಉತ್ತರ ಕೊಟ್ಟರು. ಹೊರಗೆ ಇನ್ನೂ ಹನ್ನೆರಡು ಜನ ಕಾಯುತ್ತಿದ್ದರು. ಅವರು ಕೊಟ್ಟ ಆ ಇಪ್ಪತ್ತು ನಿಮಿಷಕ್ಕೆ ನಾನು ಯಾವತ್ತೂ ಋಣಿ.

ಜ್ವರದ ವಿಷಯ ಮೊದಲು. ಇಂಜೆಕ್ಷನ್‌ನಲ್ಲಿ ಇರುವುದು ಸತ್ತ ವೈರಸ್‌ನ ಚೂರುಗಳು, ಅದರಿಂದ ಫ್ಲೂ ಬರುವುದಕ್ಕೆ ಸಾಧ್ಯವಿಲ್ಲ. ಒಂದೆರಡು ದಿನ ಕೈ ನೋವು, ಸಣ್ಣ ಮೈ ಬಿಸಿ ಇರಬಹುದು. ರಕ್ಷಣೆ ಬೆಳೆಯುವುದಕ್ಕೆ ಎರಡು ವಾರ ಬೇಕು, ಅಷ್ಟರೊಳಗೆ ಹೊರಗಿಂದ ಸೋಂಕು ತಗುಲಿದರೆ ಜ್ವರ ಬಂದೇ ಬರುತ್ತೆ. ಮೇಡಂ ಅವರ ಭಾವನಿಗೆ ಹಾಗೇ ಆಗಿರಬಹುದು, ಅಥವಾ ಅದು ಬೇರೆ ಯಾವುದೋ ವೈರಸ್ ಇರಬಹುದು. ನೆಗಡಿ ಕೆಮ್ಮು ತರುವ ವೈರಸ್‌ಗಳು ಎಷ್ಟೋ ಇವೆ, ಈ ಇಂಜೆಕ್ಷನ್ ಅದರಲ್ಲಿ ಇನ್‌ಫ್ಲೂಯೆಂಝಾ ಒಂದಕ್ಕೆ ಮಾತ್ರ.

ನರಗಳ ಕಾಯಿಲೆ ಅಂದರೆ ಗಿಲಾನ್ ಬಾರೆ, ಮೈಯ ರಕ್ಷಣಾ ಶಕ್ತಿಯೇ ನರಗಳ ಮೇಲೆ ತಿರುಗಿಬಿದ್ದು ಕೈಕಾಲು ಸೋಲುವ ಕಾಯಿಲೆ. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರಕ್ಕೆ ಅಂತ ಕೊಟ್ಟ ಒಂದು ಲಸಿಕೆಯಲ್ಲಿ ಸುಮಾರು ಲಕ್ಷಕ್ಕೆ ಒಬ್ಬರಿಗೆ ಅದು ಹೆಚ್ಚುವರಿಯಾಗಿ ಕಂಡಿತ್ತು, ಅದು ನಿಜ. ಈಗಿನ ಲಸಿಕೆಯಲ್ಲಿ ಅಂಥದ್ದು ಇದ್ದರೂ ಹತ್ತು ಲಕ್ಷಕ್ಕೆ ಒಬ್ಬಿಬ್ಬರು. ಅದೇ ಕಾಯಿಲೆ ಫ್ಲೂ ಬಂದವರಿಗೂ ಬರಬಹುದು. ಹಿಂದೆ ಯಾವತ್ತಾದರೂ ಅಪ್ಪನಿಗೆ ಹಾಗಾಗಿತ್ತಾ ಅಂತ ಕೇಳಿದರು. ಇಲ್ಲ ಅಂದೆ.

ಆಮೇಲೆ ಅವರು ಹಾಳೆಯಲ್ಲಿ ನಾನು ಬರೆಯದೇ ಇದ್ದ ವಿಷಯಕ್ಕೆ ಬಂದರು. "ನಿಮ್ಮ ತಂದೆಗೆ ಸ್ಟೆಂಟ್ ಇದೆ. ಫ್ಲೂ ಅಂದರೆ ಶ್ವಾಸಕೋಶದ ಕಾಯಿಲೆ ಮಾತ್ರ ಅಂತ ತಿಳಿಬೇಡಿ. 2018ರಲ್ಲಿ ಕೆನಡಾದಲ್ಲಿ ಲೆಕ್ಕ ಹಾಕಿದರು, ಫ್ಲೂ ಬಂದ ಮೊದಲ ಏಳು ದಿನ ಹಾರ್ಟ್ ಅಟ್ಯಾಕ್ ಸಾಧ್ಯತೆ ಆರು ಪಟ್ಟು ಆಗುತ್ತೆ." ಹೋದ ವರ್ಷ ಅಪ್ಪ ಅಷ್ಟರಲ್ಲೇ ಪಾರಾದರು ಅನ್ನುವುದು ನನಗೆ ಆಗ ಅರ್ಥವಾಯಿತು. ನೂರಕ್ಕೆ 40ರಿಂದ 60 ಅನ್ನುವ ಲೆಕ್ಕ ಜ್ವರ ಬಂದು ಡಾಕ್ಟರ ಹತ್ತಿರ ಹೋಗುವಂಥವರ ಲೆಕ್ಕ. ಹಾಕಿಸಿಕೊಂಡ ಮೇಲೂ ಫ್ಲೂ ಬಂದರೆ ಆಸ್ಪತ್ರೆ, ಐಸಿಯು ತನಕ ಹೋಗುವುದು ಕಡಿಮೆಯಾಗುತ್ತೆ, ನಿಮ್ಮ ತಂದೆಯ ವಯಸ್ಸಿಗೆ ಬೇಕಿರುವುದು ಅದು ಅಂದರು.

ಇನ್ನು ತಮ್ಮನ ಅಕ್ಟೋಬರ್. ಡಾಕ್ಟರು ಕ್ಯಾಲೆಂಡರ್ ಹತ್ತಿರ ಎದ್ದುಹೋಗಿ ಬೆರಳಿಟ್ಟು ತೋರಿಸಿದರು. ಕಾಶ್ಮೀರದಲ್ಲಿ ಚಳಿಗಾಲಕ್ಕೆ ಫ್ಲೂ ಏರುತ್ತದೆ, ಅವರಿಗೆ ಅಕ್ಟೋಬರ್ ಸರಿ. ಆದರೆ ದೇಶದ ಬಹಳಷ್ಟು ಕಡೆ, ನಮ್ಮಲ್ಲೂ, ಮಳೆ ಜೊತೆ ಏರುತ್ತದೆ. ಹಾಗಾಗಿ ನಮಗೆ ಏಪ್ರಿಲ್, ಮೇ ಒಳ್ಳೆಯ ಹೊತ್ತು. ಹಾಕಿಸಿಕೊಂಡ ಕೆಲವು ತಿಂಗಳಿಗೆ ಅದರ ಕಸುವು ಇಳಿಯುತ್ತಾ ಹೋಗುತ್ತದೆ, ಅಕ್ಟೋಬರ್‌ನಲ್ಲಿ ಹಾಕಿಸಿದ್ದು ಮುಂದಿನ ಜುಲೈಗೆ ಎಷ್ಟು ಉಳಿದೀತು? ಇದು ನನಗೆ ತುಂಬಾ ಮುಖ್ಯ ಅನ್ನಿಸಿತು. ಯಾಕೆಂದರೆ ಫ್ಲೂ ಬಗ್ಗೆ ನಮ್ಮ ಕೈಗೆ ಸಿಗುವ ಮಾಹಿತಿಯೆಲ್ಲ ಅಮೆರಿಕದ ತಿಂಗಳು, ಅಲ್ಲಿಯ ಚಳಿ ಲೆಕ್ಕದಲ್ಲೇ ಇರುತ್ತದೆ. ನಾವು ನೋಡಬೇಕಾದ್ದು ನಮ್ಮ ಮುಂಗಾರು.

ಹಾಕಿಸೋಣ ಅಂತ ಅಲ್ಲೇ ಮನಸ್ಸು ಮಾಡಿದೆ. ಆದರೆ ಆವತ್ತು ಅವರು ಹಾಕಲಿಲ್ಲ. ಫ್ರಿಜ್‌ನಿಂದ ಒಂದು ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟು ಓದಿ ಅಂದರು. ಸಣ್ಣ ಅಕ್ಷರದಲ್ಲಿ ಊರುಗಳ ಹೆಸರು! ವಿಕ್ಟೋರಿಯಾ, ಡಾರ್ವಿನ್, ಆಸ್ಟ್ರಿಯಾ, ಫುಕೆಟ್. ಪ್ರತಿ ಹೆಸರಿನ ಮುಂದೆ ಒಂದು ನಂಬರು, ಒಂದು ಇಸವಿ. ಆ ತಳಿಯ ವೈರಸ್ ಮೊದಲು ಎಲ್ಲಿ ಸಿಕ್ಕಿತೋ ಆ ಜಾಗದ ಹೆಸರು ಅದಕ್ಕೆ. ವೈರಸ್ ವರ್ಷ ವರ್ಷ ವೇಷ ಬದಲಾಯಿಸುತ್ತದೆ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ ಕೂತು ಯಾವ ತಳಿ ಹಾಕಬೇಕು ಅಂತ ಹೇಳುತ್ತಾರೆ. ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧ ಗೋಳಕ್ಕೆ. ಆ ಡಬ್ಬಿ 2023-24ರ ಉತ್ತರದ್ದು. ಅವಧಿ ಮುಗಿಯೋಕೆ ಎರಡು ತಿಂಗಳು ಇತ್ತು. "2024ರ ದಕ್ಷಿಣದ್ದು ಬರ್ತಾ ಇದೆ, ಅದರಲ್ಲಿ ಎಚ್3ಎನ್2 ತಳಿ ಬದಲಾಗಿದೆ, ಡಾರ್ವಿನ್ ಹೋಗಿ ಥಾಯ್ಲೆಂಡ್ ಬಂದಿದೆ. ಎರಡು ವಾರ ಕಾಯ್ತೀರಾ?" ಅಂದರು. ನಾವಿರುವುದು ಉತ್ತರಾರ್ಧ ಗೋಳದಲ್ಲಾದರೂ ನಮ್ಮ ಮಳೆಗೆ ಸರಿಯಾಗಿ ಕೈಗೆ ಸಿಗುವುದು ದಕ್ಷಿಣದವರಿಗೆ ಮಾಡಿದ ಹೊಸ ಡಬ್ಬಿ. ಭೂಗೋಳ ಪಾಠ ಮಾಡುವ ನನಗೆ ಇದು ಬಹಳ ಹಿಡಿಸಿತು. ಕಾಯುತ್ತೇನೆ ಅಂದೆ.

ನಾಲ್ಕನೆಯ ಹೆಸರು, ಫುಕೆಟ್, ಅದರ ಬಗ್ಗೆಯೂ ಹೇಳಿದರು. ಅದು ಫ್ಲೂ ವೈರಸ್‌ನಲ್ಲಿ ಬಿ ಯಮಗಾಟಾ ಅನ್ನುವ ಬಗೆ. 2020ರ ಮಾರ್ಚ್ ಆದಮೇಲೆ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದೆವಲ್ಲ, ಆಗ ಅದು ಹಾದಿ ಸಿಗದೆ ಹೋಯಿತು ಅನ್ನುತ್ತಾರೆ. ಮೂರೇ ಬಗೆ ಇರುವ ಡಬ್ಬಿ ಸಿಕ್ಕರೂ ಸಾಕು, ನಾಲ್ಕೇ ಬೇಕು ಅಂತ ಜಾಸ್ತಿ ದುಡ್ಡು ಕೊಡಬೇಡಿ ಅಂದರು. ನಮಗೆ ಸಿಕ್ಕಿದ್ದು ನಾಲ್ಕರದ್ದೇ.

ಊರಿಗೆ ಹೋದಾಗ ಅಪ್ಪ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿದ್ದರು. ಮೈಲುತುತ್ತದ ಮೂಟೆ ಬಂದಿತ್ತು, ಸುಣ್ಣ ಬಂದಿತ್ತು, ಡ್ರಮ್ಮು ತೊಳೆದು ಬೋರಲು ಹಾಕಿದ್ದರು. ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆಗೆ ಮುಂಚೆ ಬೋರ್ಡೋ ಹೊಡೆಯುವ ತಯಾರಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅಪ್ಪನಿಗೆ ಇದರಲ್ಲಿ ಐವತ್ತು ವರ್ಷದ ಅನುಭವ. ನಾನು ಇಂಜೆಕ್ಷನ್ ವಿಷಯ ಎತ್ತಿದೆ. "ಕೋವಿಡ್‌ದು ಮೂರು ಹಾಕಿಸ್ಕೊಂಡಾಯ್ತಲ್ಲ ಪುಟ್ಟಿ, ಇನ್ನೇನು?" ಅಂದರು. ಅದು ಬೇರೆ ವೈರಸ್, ಇದು ಬೇರೆ ಅಂದೆ. "ಹಾಕಿಸ್ಕೊಂಡ್ರೆ ಜ್ವರ ಬರೋದೇ ಇಲ್ವಾ?" ಬರಬಹುದು, ಬಂದರೂ ಹೋದ ವರ್ಷದ ಹಾಗೆ ಆಗುವುದು ಕಡಿಮೆ ಅಂದೆ. "ಪ್ರತಿ ವರ್ಷ ಹಾಕಿಸ್ಕೋಬೇಕಾ?" ಹೌದು. "ಮಳೆಗೆ ಮುಂಚೆಯೇ?" ಹೌದು ಅಪ್ಪ.

ಅಪ್ಪ ಸುಣ್ಣದ ಕೈ ಒರೆಸಿಕೊಂಡು ಡ್ರಮ್ಮಿನ ಮೇಲೆ ಕೂತರು. "ಹಂಗಾದ್ರೆ ಇದೇ ಲೆಕ್ಕ," ಅಂದರು. "ಕೊಳೆ ಬಂದ ಮೇಲೆ ಬೋರ್ಡೋ ಹೊಡೆದು ಏನು ಪ್ರಯೋಜನ? ಮಳೆ ಹಿಡಿಯೋಕೆ ಮುಂಚೆ ಗೊನೆಗೆ ಬೀಳಬೇಕು. ಹೊಡೆದ ತೋಟದಲ್ಲೂ ಒಂದಷ್ಟು ಕಾಯಿ ಉದುರುತ್ತೆ. ಹೊಡೀದೇ ಬಿಟ್ಟ ತೋಟದಲ್ಲಿ ಗೊನೆಗೊನೆಯೇ ಖಾಲಿ. ಹೋದ ವರ್ಷ ಹೊಡೆದಿದ್ದೀನಿ ಅಂತ ಈ ವರ್ಷ ಬಿಡೋಕಾಗುತ್ತಾ?"

ಯಜಮಾನರ ಪ್ರಶ್ನೆಗೆ ಹತ್ತು ತಿಂಗಳಿಂದ ನಾನು ಹುಡುಕುತ್ತಿದ್ದ ಉತ್ತರ ಅದು. ಆ ರಾತ್ರಿಯೇ ಫೋನ್ ಮಾಡಿ ಅಪ್ಪ ಹೇಳಿದ್ದನ್ನು ಅವರಿಗೆ ಹೇಳಿದೆ. ಅವರೂ ಮಲೆನಾಡಿನವರೇ. "ಸರಿ, ನಾನೂ ಇಲ್ಲೇ ಬೆಂಗಳೂರಲ್ಲಿ ಹಾಕಿಸ್ಕೊಳ್ತೀನಿ," ಅಂದರು.

ಅಮ್ಮನದು ಸುಲಭ ಇರಲಿಲ್ಲ. ನಮ್ಮದು ಸಸ್ಯಾಹಾರದ ಮನೆ. ಅಮ್ಮ ಕೇಕ್ ಕೂಡ ಮುಟ್ಟುವುದಿಲ್ಲ. ಫ್ಲೂ ಲಸಿಕೆಯನ್ನು ಹೆಚ್ಚಾಗಿ ಬೆಳೆಸುವುದು ಕೋಳಿಮೊಟ್ಟೆಯೊಳಗೆ. ಡಾಕ್ಟರು ಕೇಳಿದ ಪ್ರಶ್ನೆಗಳಲ್ಲಿ ಮೊಟ್ಟೆ ಅಲರ್ಜಿ ಇದೆಯಾ ಅನ್ನುವುದೂ ಇತ್ತು, ಅಲ್ಲಿಂದ ನನಗೆ ಇದು ಗೊತ್ತಾದದ್ದು. ಅಲರ್ಜಿ ಇದ್ದವರೂ ಈಗ ಸಾಮಾನ್ಯವಾಗಿ ತೆಗೆದುಕೊಳ್ಳಬಹುದಂತೆ. ನಮ್ಮ ಸಮಸ್ಯೆ ಅಲರ್ಜಿಯದ್ದಲ್ಲ. ಮೊಟ್ಟೆ ಬಳಸದೆ ಮಾಡಿದ್ದು ಇದೆಯಾ ಅಂತ ಹಾಸನದಲ್ಲಿ ಮೂರು ಕಡೆ ಕೇಳಿದೆ, ಆ ಮೂರೂ ಕಡೆ ಸಿಗಲಿಲ್ಲ. ಹೇಳದೇ ಹಾಕಿಸಿಬಿಡಲಾ ಅಂತ ಒಂದು ದಿನ ಪೂರ್ತಿ ಯೋಚನೆ ಮಾಡಿದೆ. ಅಮ್ಮನಿಗೆ ಗೊತ್ತಾಗುವುದಿಲ್ಲ, ಒಳ್ಳೆಯದಕ್ಕೇ ತಾನೆ ಅಂತ. ಆದರೆ ಅಮ್ಮನ ಮೈ ಅದು, ಅಮ್ಮ ಅರವತ್ತೆಂಟು ವರ್ಷದಿಂದ ನಡೆಸಿಕೊಂಡು ಬಂದ ನೇಮ ಅದು. ಕದ್ದು ಮುರಿಯುವ ಹಕ್ಕು ನನಗೆ ಎಲ್ಲಿಂದ ಬಂತು?

ಹೇಳಿದೆ. ಅಮ್ಮ ಬೀನ್ಸ್ ನಾರು ತೆಗೆಯುತ್ತಿದ್ದಳು. "ಮರಿ ಆಗೋ ಮೊಟ್ಟೆನಾ?" ಅಂತ ಒಂದೇ ಪ್ರಶ್ನೆ ಕೇಳಿದಳು. ಹೌದಮ್ಮ, ಅಂಥದ್ದರಲ್ಲೇ ವೈರಸ್ ಬೆಳೆಯುವುದು, ಆಮೇಲೆ ಅದನ್ನು ಬೇರೆ ತೆಗೆದು, ಸಾಯಿಸಿ, ಶುದ್ಧ ಮಾಡುತ್ತಾರೆ, ಆದರೂ ಚೂರುಪಾರು ಉಳಿಯುತ್ತೆ ಅಂದೆ. ಅಮ್ಮ ಏನೂ ಮಾತಾಡಲಿಲ್ಲ. ಊಟಕ್ಕೆ ಕೂತಾಗಲೂ ಮಾತಿಲ್ಲ. ಎರಡು ದಿನ ನಾನೂ ಆ ವಿಷಯ ಎತ್ತಲಿಲ್ಲ. ಮೂರನೇ ದಿನ ಬೆಳಿಗ್ಗೆ ದಾಸವಾಳ ಕೊಯ್ಯುತ್ತಾ, ನನ್ನ ಕಡೆ ತಿರುಗದೇ ಹೇಳಿದಳು. "ನನ್ನ ಹೆಸರೂ ಬರೆಸು. ರಾತ್ರಿ ಅವರ ಪಕ್ಕ ಮಲಗೋಳು ನಾನು ತಾನೇ. ಹಾಕಿಸ್ಕೊಂಡು ಬಂದು ತಲೆಗೆ ಸ್ನಾನ ಮಾಡ್ತೀನಿ, ಆಯ್ತು." ಅಮ್ಮ ಬೇಡ ಅಂದಿದ್ದರೂ ನಾನು ಒಪ್ಪುತ್ತಿದ್ದೆ. ಬೇರೆಯವರ ಮನೆಯಲ್ಲಿ ಬೇಡ ಅನ್ನುವವರೂ ಇರುತ್ತಾರೆ. ಆದರೆ ಗೊತ್ತಿದ್ದು ತೀರ್ಮಾನ ಮಾಡಲಿ, ಅಷ್ಟೇ ನನ್ನ ಆಸೆ ಇದ್ದದ್ದು.

ಉಳಿದದ್ದು ನಾನು. ನನಗೆ 44, ಸಕ್ಕರೆ ಇಲ್ಲ, ಬಿಪಿ ಇಲ್ಲ. ನಿಮಗೆ ಹಾಕಿಸಲೇಬೇಕು ಅಂತೇನಿಲ್ಲ ಅಂತ ಡಾಕ್ಟರೂ ಅಂದಿದ್ದರು. ಫ್ಲೂ ಬಂದರೂ ನಾನು ನಾಲ್ಕು ದಿನ ಮಲಗಿ ಎದ್ದೇನು. ಆದರೆ ವಯಸ್ಸಾದವರ ಮೈಯಲ್ಲಿ ಈ ಲಸಿಕೆ ಅಷ್ಟು ಜೋರಾಗಿ ಕೆಲಸ ಮಾಡುವುದಿಲ್ಲ ಅಂತ ಅವರೇ ಹೇಳಿದ್ದರು. ಹಾಗಾದರೆ ಅಪ್ಪನ ಸುತ್ತ ಇರುವವರು ತರದೇ ಇರಬೇಕು ಅಲ್ವಾ? ನಲವತ್ತು ಮಕ್ಕಳ ಕ್ಲಾಸಿನಿಂದ ನೇರ ಅವರ ಒಲೆಯ ಹತ್ತಿರ ಬಂದು ಕೂರುವವಳು ನಾನು. ನನ್ನ ತೀರ್ಮಾನಕ್ಕೆ ಇಷ್ಟೇ ಸಾಕಾಯಿತು. ಮಗನಿಗೆ ಎಂಟು ವರ್ಷ, ಒಂಬತ್ತು ತುಂಬದವರಿಗೆ ಮೊದಲ ವರ್ಷ ನಾಲ್ಕು ವಾರ ಬಿಟ್ಟು ಎರಡು ಡೋಸ್ ಬೇಕು. ಯಜಮಾನರದ್ದು ಬಿಟ್ಟು ಐದು ಡೋಸ್, 9,000 ರೂಪಾಯಿ. ನಮ್ಮ ಮನೆಗೆ ಇದು ಸಣ್ಣ ದುಡ್ಡಲ್ಲ. ಇಷ್ಟು ಕೊಡಲು ಆಗದವರ ಮನೆಯಲ್ಲೂ ಸಕ್ಕರೆ ಕಾಯಿಲೆಯ ಅಪ್ಪಂದಿರು ಇದ್ದಾರೆ. ಅರವತ್ತೈದು ದಾಟಿದವರಿಗಾದರೂ ಇದು ಪಿಎಚ್‌ಸಿಯಲ್ಲಿ ಬಿಟ್ಟಿ ಸಿಗಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮೇ 18, ಶನಿವಾರ. ನಾಲ್ಕು ಜನ ಹೋದೆವು. ನರ್ಸ್ ಮೊದಲು ಎಲ್ಲರಿಗೂ ಜ್ವರ ಇದೆಯಾ ನೋಡಿದರು. ಆಮೇಲೆ ಫ್ರಿಜ್ ಬಾಗಿಲು ತೆಗೆದರು. ಒಳಗಿನ ಥರ್ಮಾಮೀಟರ್ 4 ಡಿಗ್ರಿ ತೋರಿಸುತ್ತಿತ್ತು. ಈ ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು, ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಕೆಟ್ಟಿತು. ಡಬ್ಬಿ ನನಗೆ ತೋರಿಸಿದರು. ಥಾಯ್ಲೆಂಡ್ ಇತ್ತು. ಸಿರಿಂಜ್ ಮೊದಲೇ ತುಂಬಿಸಿಯೇ ಬರುತ್ತದೆ, ಒಳಗೆ ಅರ್ಧ ಎಂಎಲ್, ಅಷ್ಟೇ. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ತಣ್ಣಗಿದ್ದದ್ದನ್ನು ಹದಕ್ಕೆ ತಂದು, ಅಲುಗಾಡಿಸಿ, ಬೆಳಕಿಗೆ ಹಿಡಿದು ನೋಡಿದರು.

ಅಪ್ಪ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದನ್ನು ಮೊದಲೇ ಹೇಳಿದ್ದೆ. ನರ್ಸ್ ಸಣ್ಣ ಸೂಜಿಯಲ್ಲಿ ಎಡ ತೋಳಿಗೆ ಚುಚ್ಚಿ, ಹತ್ತಿ ಒತ್ತಿ ಹಿಡಿದು ಗಡಿಯಾರ ನೋಡುತ್ತಾ ನಿಂತರು. ಪೂರ್ತಿ ಎರಡು ನಿಮಿಷ. "ಅಜ್ಜಾ, ಉಜ್ಜಬೇಡಿ, ಸುಮ್ನೆ ಒತ್ತಿ ಹಿಡ್ಕೊಳ್ಳಿ," ಅಂದರು. ಅಮ್ಮ ಕಣ್ಣು ಮುಚ್ಚಿಕೊಂಡು ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಮಗ ನನ್ನ ಸೀರೆ ಸೆರಗನ್ನು ಬಿಡಲಿಲ್ಲ. ಎಲ್ಲರದೂ ಆದ ಮೇಲೆ ಇಪ್ಪತ್ತು ನಿಮಿಷ ಅಲ್ಲೇ ಕೂರಿಸಿ ಕಳಿಸಿದರು. ಅಪ್ಪನಿಗೆ ನ್ಯುಮೋನಿಯಾ ಇಂಜೆಕ್ಷನ್ ಬೇರೆ ಇದೆ, ಅದನ್ನೂ ಇವತ್ತೇ ಹಾಕಬಹುದು ಅಂದರು ಡಾಕ್ಟರು. ದುಡ್ಡು ಹೊಂದಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಹಾಕಿಸಿದೆವು.

ಅಪ್ಪನಿಗೆ ಏನೂ ಆಗಲಿಲ್ಲ. ನನಗೆ ಎರಡು ದಿನ ತೋಳು ನೋವು, ಬೋರ್ಡಿನ ಮೇಲೆ ಬರೆಯುವ ಕೈ ಅಲ್ಲವಾದ್ದರಿಂದ ಪರವಾಗಿಲ್ಲ. ಅಮ್ಮನಿಗೆ ಆ ರಾತ್ರಿ ಮೈ ಬಿಸಿಯಾಗಿ ಒಂದು ಪ್ಯಾರಸಿಟಮಾಲ್ ಕೊಟ್ಟೆ, ಬೆಳಿಗ್ಗೆ ಎದ್ದು ಎಂದಿನಂತೆ ರಂಗೋಲಿ ಹಾಕಿದಳು.

2024ರ ಮಳೆ ನೆನಪಿರಬೇಕು ನಿಮಗೆ. ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಅದರ ಜೊತೆ ಆ ವರ್ಷ ಡೆಂಗಿ ಬೇರೆ, ಹಾಸನದಲ್ಲೂ ಮಕ್ಕಳು ಹೋದರು. ಯಾರಿಗೆ ಮೈ ಬಿಸಿಯಾದರೂ ಎದೆ ಧಸಕ್ ಅನ್ನುತ್ತಿತ್ತು. ಆಗಸ್ಟ್‌ನಲ್ಲಿ ಮಗನಿಗೆ ಜ್ವರ ಬಂತು. ಈ ಸಲ ಅಂಗಡಿಯ ಮಾತ್ರೆಗೆ ಕೈ ಹಾಕಲಿಲ್ಲ, ಎರಡನೇ ದಿನವೇ ಡಾಕ್ಟರಿಗೆ ತೋರಿಸಿದೆ. ಡೆಂಗಿ ಇರಲಿಲ್ಲ. ಮೂರು ದಿನಕ್ಕೆ ಇಳಿಯಿತು, ಕೆಮ್ಮು ಎರಡು ವಾರ ಉಳಿಯಿತು. ಅದು ಫ್ಲೂ ಹೌದೋ ಅಲ್ಲವೋ ಪರೀಕ್ಷೆ ಮಾಡಿಸಲಿಲ್ಲ. ಆ ಮೂರು ವಾರ ನಾವು ಊರಿಗೆ ಹೋಗಲಿಲ್ಲ. ಇಂಜೆಕ್ಷನ್ ಆಗಿದೆ ಅಂತ ಕೆಮ್ಮಿಕೊಂಡು ಹೋಗಿ ಅಪ್ಪನ ಪಕ್ಕ ಕೂರುವ ಧೈರ್ಯ ನನಗೆ ಇನ್ನು ಯಾವತ್ತೂ ಬರುವುದಿಲ್ಲ. ಅಪ್ಪನಿಗೆ ಆ ಮಳೆಗಾಲ ಜ್ವರ ಬರಲಿಲ್ಲ. ಇಂಜೆಕ್ಷನ್‌ನಿಂದಲೇ ಬರಲಿಲ್ಲ ಅಂತ ಹೇಳೋಕೆ ಬರುವುದಿಲ್ಲ, ಒಂದು ಮನೆಯ ಒಂದು ವರ್ಷ ಏನನ್ನೂ ಸಾಬೀತು ಮಾಡುವುದಿಲ್ಲ. ಕೆಳಗಿನ ತೋಟಕ್ಕೆ ದಿನಾ ಇಳಿದು ಹತ್ತುತ್ತಿದ್ದರು ಅನ್ನುವುದಷ್ಟು ಗೊತ್ತು.

2025ರ ಮೇ ಮೊದಲ ವಾರ ಅಪ್ಪನೇ ಫೋನ್ ಮಾಡಿದರು. "ಪುಟ್ಟಿ, ಡ್ರಮ್ ತೊಳೆದಿಟ್ಟಿದ್ದೀನಿ. ಇಂಜೆಕ್ಷನ್ ಬಂತಾ ಕೇಳಿದ್ಯಾ? ಈ ಸಲ ಯಾವ ಊರಿಂದು?" ಆ ವರ್ಷದ ಡಬ್ಬಿಯಲ್ಲಿ ಥಾಯ್ಲೆಂಡ್ ಹೋಗಿ ಕ್ರೊಯೇಷಿಯಾ ಬಂದಿತ್ತು. ಹೇಳಿದೆ. ಹಿಂದಿನಿಂದ ಅಮ್ಮನ ದನಿ ಕೇಳಿಸಿತು, "ಮೊಟ್ಟೆ ಇಲ್ಲದ್ದು ಬಂತೇನೋ ಕೇಳು." ಇನ್ನೂ ಇಲ್ಲಮ್ಮ ಅಂದೆ. ಮೇ 10ರ ಶನಿವಾರ ಹೋಗಿ ಹಾಕಿಸಿಕೊಂಡು ಬಂದೆವು. ಆ ವರ್ಷ ಮುಂಗಾರು ಯಾರೂ ಎಣಿಸದಷ್ಟು ಬೇಗ, ಮೇ 24ಕ್ಕೇ ಕೇರಳ ಮುಟ್ಟಿತು. ನಮ್ಮಲ್ಲೂ ಮಳೆ ಒಂದು ದಿನ ಬಿಡುವು ಕೊಡಲಿಲ್ಲ. ತೋಟದ ಅರ್ಧಕ್ಕೆ ಬೋರ್ಡೋ ಹೊಡೆಯುವುದು ಬಾಕಿಯೇ ಉಳಿಯಿತು.